ಎಡಗಡೆ ಗ್ಲಾಸ್ ಏರ್ತಿರ್ಲಿಲ್ಲ, ರೋಗ ಇದ್ದದ್ದು ಬಲಗಡೆ ಬಾಗಿಲಲ್ಲಿ

ಗಾಡಿ 2007ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಎಂಎಚ್ 14 ನಂಬರಿಂದು. ಕಂಪನಿ ಹೆಸರು ಬೇಡ, ಇದು ಆ ಕಂಪನಿ ತಪ್ಪೂ ಅಲ್ಲ, ಇಷ್ಟು ವರ್ಷ ಓಡಿದ ಯಾವ ಗಾಡಿಗಾದ್ರೂ ಆಗೋದೇ. ಮಾಲೀಕರು ನಮ್ಮ ಸೊಸೈಟಿ ಕಾಕಾ, ಮೂಲ ವಿಜಯಪುರ ಜಿಲ್ಲೆ ಸಿಂದಗಿ ಕಡೆಯವರು, ಪುಣೆ ಪಕ್ಕದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಮಷೀನ್ ಶಾಪಲ್ಲಿ ದುಡಿದು ರಿಟೈರ್ ಆಗಿ ಈಗ ಚಿಂಚವಡದಲ್ಲೇ ಇದ್ದಾರೆ. 15 ವರ್ಷ ತುಂಬಿದ್ಮೇಲೆ 2022ರಲ್ಲಿ ಆರ್‌ಟಿಓದಲ್ಲಿ ಪಾಸಿಂಗ್, ಅಂದ್ರೆ ಗಾಡಿ ತಪಾಸಣೆ, ಮಾಡ್ಸಿ ಇನ್ನೈದು ವರ್ಷಕ್ಕೆ ರಿನ್ಯೂ ಮಾಡಿಸ್ಕೊಂಡಿದ್ದಾರೆ, ಹಂಗಾಗಿ ಮಾರೋ ಮಾತೇ ಇಲ್ಲ. ಇಂಜಿನ್ ಇನ್ನೂ ಗಟ್ಟಿ. ತೊಂದ್ರೆ ಒಂದೇ, ಮುಂದಿನ ಎಡಗಡೆ ಪವರ್ ವಿಂಡೋ.

ಲಕ್ಷಣ ಏನಂದ್ರೆ, ಗ್ಲಾಸ್ ಸರಾಗವಾಗಿ ಇಳಿಯುತ್ತೆ, ಏರೋವಾಗ ಮಾತ್ರ ನರಳ್ಕೊಂಡು ಅರ್ಧಕ್ಕೆ ಬಂದು ನಿಂತುಬಿಡುತ್ತೆ. ಗಾಡಿ ಚಾಲೂ ಇದ್ರೆ ಇನ್ನೊಂದು ನಾಲ್ಕು ಬೆರಳು ಜಾಸ್ತಿ ಏರುತ್ತೆ. ಸ್ವಿಚ್ ಒತ್ತಿ ಒತ್ತಿ ಹಠ ಮಾಡಿದ್ರೆ ಕೊನೆಗೆ ಮೇಲೂ ಇಲ್ಲ ಕೆಳಗೂ ಇಲ್ಲ, ಪೂರ್ತಿ ಸತ್ತಂಗೆ, ಹತ್ತು ನಿಮಿಷ ಬಿಟ್ಟು ನೋಡಿದ್ರೆ ಮತ್ತೆ ಜೀವ ಬಂದಿರುತ್ತೆ. ಎಡಗಡೆ ಬಾಗಿಲಲ್ಲಿರೋ ಸ್ವಿಚ್ ಒತ್ತಿದ್ರೂ ಹಂಗೇ, ಎಲ್ಲಾ ಕಿಟಕಿಗಳ ಬಟನ್ ಇರೋ ಡ್ರೈವರ್ ಕಡೆಯ ಮಾಸ್ಟರ್ ಸ್ವಿಚ್ಚಿಂದ ಒತ್ತಿದ್ರೂ ಹಂಗೇ. ಜುಲೈ ತಿಂಗಳು, ಪುಣೆ ಮಳೆ ಗೊತ್ತಲ್ಲ, ಜೋರಾಗಿ ಸುರಿಯೋದಕ್ಕಿಂತ ಇಡೀ ದಿನ ಜಿಟಿ ಜಿಟಿ ಅಂತಿರೋದೇ ಜಾಸ್ತಿ, ಅರ್ಧ ತೆರೆದ ಗ್ಲಾಸಿಗೆ ಪ್ಲಾಸ್ಟಿಕ್ ಅಂಟಿಸ್ಕೊಂಡು ಓಡಾಡ್ತಿದ್ರು, ಸೊಲ್ಲಾಪುರ ದಾಟಿ ಊರಿಗೆ ಹೋಗೋದು ಬೇರೆ ಇತ್ತು.

ನನ್ನ ಹತ್ರ ಬರೋ ಹೊತ್ತಿಗೆ ಒಂದು ಗ್ಯಾರೇಜಲ್ಲಿ ಮೋಟರ್ ಹೊಸದು ಹಾಕಿಸಿ ಆಗಿತ್ತು. ಮೋಟರಿನ ಜೊತೆ ರೆಗ್ಯುಲೇಟರೂ, ಅಂದ್ರೆ ಗ್ಲಾಸನ್ನ ಎತ್ತೋ ಇಳಿಸೋ ಕೇಬಲ್ ಸೆಟ್, ಅದೂ ಹೊಸದು. ಎರಡು ದಿನ ಪರವಾಗಿಲ್ಲ ಅನ್ನೋ ಥರ ಏರಿ ಮತ್ತೆ ಅದೇ ಹಾಡು. ಬ್ಯಾಟರಿ ವೀಕ್ ಇರ್ಬೇಕು ಅಂತ ಇನ್ಯಾರೋ ಹೇಳಿದ್ರಂತೆ. ಕಾಕಾ ಕೇಳಿದ್ದು ಇಷ್ಟೇ, "ಏನಪಾ ತಮ್ಮಾ, ಮೋಟರ್ ಹೊಸಾದ ಹಾಕ್ಸೀನಿ, ಕೇಬಲ್ ಹೊಸಾದ ಹಾಕ್ಸೀನಿ, ಇನ್ನೇನ ಗ್ಲಾಸ ಹೊಸಾದ ಹಾಕ್ಸಲೇನು?"

ಗ್ಯಾರೇಜಿನವ್ರನ್ನ ಬೈಯಕ್ಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಅವರ ಲೆಕ್ಕ ಹುಚ್ಚು ಲೆಕ್ಕ ಏನಲ್ಲ. ಎರಡು ಸ್ವಿಚ್ ಇವೆ, ಎರಡರಿಂದ ಒತ್ತಿದ್ರೂ ಅದೇ ರೋಗ, ಎರಡೂ ಸ್ವಿಚ್ ಒಟ್ಟಿಗೆ ಕೆಡೋದು ಅಪರೂಪ, ಹಂಗಾಗಿ ಸ್ವಿಚ್ ಸರಿ ಇದೆ. ಇಳಿಯೋದು ಸರಿಯಾಗಿ ಇಳಿಯುತ್ತೆ, ಹಂಗಾಗಿ ವೈರಿಂಗೂ ಸರಿ ಇದೆ. ಮೋಟರ್ ಕನೆಕ್ಟರ್ ಬಿಚ್ಚಿ ಮೀಟರ್ ಇಟ್ರೆ 12.4 ವೋಲ್ಟ್ ಬರ್ತಿದೆ, ಹಂಗಾಗಿ ಕರೆಂಟೂ ಬರ್ತಿದೆ. ಉಳಿದದ್ದು ಮೋಟರ್ ಮತ್ತೆ ಕೇಬಲ್, ಬದಲಾಯಿಸು. ಈ ಮೂರು ಮಾತೂ ಕೇಳಕ್ಕೆ ಸರಿ ಅನ್ಸುತ್ತೆ, ಮೂರೂ ತಪ್ಪು.

ಮೊದ್ಲು ಮೀಟರ್ ವಿಷ್ಯ, ಇದೇ ಎಲ್ಲರನ್ನೂ ಬೀಳಿಸೋ ಗುಂಡಿ. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಒಡ್ಡೋ ಅಡ್ಡಿ, ಸಾಮಾನ್ಯವಾಗಿ 10 ಮೆಗಾಓಮ್ (ಒಂದು ಕೋಟಿ ಓಮ್) ಇರುತ್ತೆ, ಅಂದ್ರೆ ಅದು ವೈರಿಂದ ಎಳ್ಕೊಳ್ಳೋ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಸುತ್ತಮುತ್ತ. ಅಷ್ಟು ಚಿಕ್ಕ ಕರೆಂಟಿಗೆ ಸ್ವಿಚ್ ಒಳಗಿನ ಸುಟ್ಟು ಕರ್ರಗಾಗಿರೋ ಕಾಂಟ್ಯಾಕ್ಟೂ (ಒಂದಕ್ಕೊಂದು ತಾಗೋ ಲೋಹದ ತುಂಡು) ರಾಜಮಾರ್ಗವೇ, ಒಂದೇ ಒಂದು ಎಳೆ ಉಳಿದಿರೋ ವೈರೂ ರಾಜಮಾರ್ಗವೇ. ಮೋಟರಿಗೆ ಬೇಕಾಗೋದು ಗ್ಲಾಸ್ ಏರೋವಾಗ ಐದರಿಂದ ಎಂಟು ಆಂಪಿಯರ್. ಅಡ್ಡಿಯಾಗಿರೋ ಜಾಗದಲ್ಲಿ ಬರೀ ಅರ್ಧ ಓಮ್ ಇದ್ರೂ 8 ಆಂಪಿಯರಿಗೆ 4 ವೋಲ್ಟ್ ಅಲ್ಲೇ ತಿಂದು ಹೋಯ್ತು. ಆ ಅರ್ಧ ಓಮ್ ಮೀಟರಿನ ಓಮ್ ಸೆಟ್ಟಿಂಗಲ್ಲೂ ಸರಿಯಾಗಿ ಸಿಕ್ಕಲ್ಲ, ಪ್ರೋಬ್ ವೈರಿಂದೇ 0.2, 0.3 ಓಮ್ ಇರುತ್ತೆ, ವೈರು ಮುರಿದಿಲ್ಲ ಅಂತ ಹೇಳೋ ಕಂಟಿನ್ಯುಟಿ ಬೀಪ್ ಅಂತೂ ಸಂತೋಷವಾಗಿ ಕೂಗುತ್ತೆ, ಅದಕ್ಕೆ ಹತ್ತಿಪ್ಪತ್ತು ಓಮ್ ಇದ್ರೂ ನಡಿಯುತ್ತೆ. ಹಂಗಾಗಿ ಕನೆಕ್ಟರ್ ಬಿಚ್ಚಿ ನೋಡಿದ 12 ವೋಲ್ಟಿಗೆ ಬೆಲೆ ಇಲ್ಲ. ಮೋಟರ್ ಸಿಕ್ಕಿಸಿಟ್ಟು, ಸ್ವಿಚ್ ಒತ್ತಿ ಹಿಡಿದು, ಅದು ಒದ್ದಾಡ್ತಿರೋವಾಗ ನೋಡ್ಬೇಕು.

ನೋಡಿದ್ವಿ. ಕನೆಕ್ಟರಿನ ಹಿಂದುಗಡೆಯಿಂದ ವೈರ್ ಪಕ್ಕದಲ್ಲೇ ಗುಂಡುಪಿನ್ ಚುಚ್ಚಿ ಪ್ರೋಬ್ ಮುಟ್ಟಿಸಿದ್ದು, ಕಾಕಾ ಸ್ವಿಚ್ ಒತ್ತಿ ಹಿಡಿದ್ರು. ಮೋಟರಿನ ಎರಡು ತುದಿ ಮಧ್ಯೆ 7.1 ವೋಲ್ಟ್. ಅದೇ ಹೊತ್ತಿಗೆ ಬ್ಯಾಟರಿಯಲ್ಲಿ 12.2. ಐದು ವೋಲ್ಟ್ ದಾರಿಯಲ್ಲೇ ಕಳ್ಳತನ ಆಗ್ತಿದೆ, ಹೊಸ ಮೋಟರ್ ಏನು ಮಾಡುತ್ತೆ ಪಾಪ. ಗಾಡಿ ಚಾಲೂ ಇದ್ರೆ ಆಲ್ಟರ್ನೇಟರಿಂದ 14 ವೋಲ್ಟ್ ಬರುತ್ತೆ, ಅದಕ್ಕೇ ನಾಲ್ಕು ಬೆರಳು ಜಾಸ್ತಿ ಏರ್ತಿದ್ದದ್ದು, ಬ್ಯಾಟರಿಗೂ ಇದಕ್ಕೂ ಸಂಬಂಧ ಇಲ್ಲ. ಪೂರ್ತಿ ಸಾಯೋದು ಯಾಕೆ ಅಂದ್ರೆ ಮೋಟರ್ ಒಳಗೆ ಬಿಸಿಯಾದಾಗ ತಾನೇ ಕಟ್ ಆಗೋ ಒಂದು ಪುಟ್ಟ ಬ್ರೇಕರ್ ಇರುತ್ತೆ, ನಿಂತಲ್ಲೇ ನಿಂತು ಕರೆಂಟ್ ಕುಡಿದ್ರೆ ಅದು ತೆರ್ಕೊಳ್ಳುತ್ತೆ, ತಣ್ಣಗಾದ್ಮೇಲೆ ಮತ್ತೆ ಕೂಡ್ಕೊಳ್ಳುತ್ತೆ. ಇದನ್ನ ಲೂಸ್ ಕನೆಕ್ಷನ್ ಅಂತ ತಿಳ್ಕೊಂಡು ಬಾಗಿಲಿಗೆ ಗುದ್ದೋರನ್ನ ನೋಡಿದ್ದೀನಿ.

ಈಗ ಕಳ್ಳ ಎಲ್ಲಿ. ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ಉದ್ದ ವೈರ್ ಕ್ಲಿಪ್ ಹಾಕಿ ಒಳಗೆ ತಂದ್ಕೊಂಡ್ವಿ. ಬ್ಯಾಟರಿ ಪ್ಲಸ್ಸಿಂದ ಮೋಟರಿನ ಪ್ಲಸ್ ತುದಿವರೆಗೆ ಬರೀ 0.7 ವೋಲ್ಟ್ ನಷ್ಟ, ಇಷ್ಟು ಹಳೇ ಗಾಡಿಗೆ ಏನೂ ಅಲ್ಲ. ಮೋಟರಿನ ಇನ್ನೊಂದು ತುದಿಯಿಂದ ಬ್ಯಾಟರಿ ಮೈನಸ್ಸಿಗೆ 4.4 ವೋಲ್ಟ್! ಅಂದ್ರೆ ಕರೆಂಟು ಹೋಗೋ ದಾರಿ ಚೆನ್ನಾಗಿದೆ, ವಾಪಸ್ ಬರೋ ದಾರಿ ಕೆಟ್ಟಿದೆ. ಗ್ಯಾರೇಜಲ್ಲಿ ಎಲ್ಲರೂ ಹೋಗೋ ದಾರಿನೇ ನೋಡ್ತಾರೆ, ಕರೆಂಟ್ ಬರ್ತಿದೆಯಾ ಇಲ್ವಾ ಅಷ್ಟೇ ಪ್ರಶ್ನೆ, ವಾಪಸ್ ಹೋಗಕ್ಕೆ ಜಾಗ ಇದೆಯಾ ಅಂತ ಕೇಳೋರಿಲ್ಲ, ಅರ್ಥಿಂಗ್, ಅಂದ್ರೆ ಈ ವಾಪಸ್ ದಾರಿ, ಗಾಡಿ ತಗಡಿಗೆ ಒಂದು ಸ್ಕ್ರೂ ಅಂತ ಮುಗಿಸಿಬಿಡ್ತಾರೆ.

ಪವರ್ ವಿಂಡೋದಲ್ಲಿ ಅದು ಗಾಡಿ ತಗಡಿಗೆ ಒಂದು ಸ್ಕ್ರೂ ಅಲ್ಲ, ಇಡೀ ಕತೆ ಇರೋದೇ ಇಲ್ಲಿ. ಮೋಟರಿಗೆ ಎರಡೇ ವೈರು, ಅದಕ್ಕೆ ಸ್ವಂತ ಅರ್ಥಿಂಗ್ ಇಲ್ಲ. ಏರಬೇಕಂದ್ರೆ ಒಂದು ವೈರಿಗೆ ಪ್ಲಸ್ ಇನ್ನೊಂದಕ್ಕೆ ಮೈನಸ್, ಇಳೀಬೇಕಂದ್ರೆ ಉಲ್ಟಾ. ಈ ಕಾಲದ ಬಹಳಷ್ಟು ಗಾಡಿಗಳಲ್ಲಿ ವೈರಿಂಗ್ ಮಾಡಿರೋ ರೀತಿ ಹಿಂಗೆ: ಎಡಗಡೆ ಮೋಟರಿನ ಎರಡೂ ವೈರು ಮೊದಲು ಎಡಗಡೆ ಬಾಗಿಲಿನ ಸ್ವಿಚ್ಚಿಗೆ ಬರುತ್ತೆ, ಅಲ್ಲಿಂದ ಎರಡೂ ಡ್ಯಾಶ್‌ಬೋರ್ಡ್ ಕೆಳಗೆ ಹಾದು ಬಲಗಡೆ ಬಾಗಿಲಿನ ಮಾಸ್ಟರ್ ಸ್ವಿಚ್ಚಿಗೆ ಹೋಗುತ್ತೆ, ಯಾರೂ ಏನೂ ಒತ್ತದೇ ಇದ್ದಾಗ ಎರಡೂ ವೈರು ಆ ಮಾಸ್ಟರ್ ಸ್ವಿಚ್ ಒಳಗೆ ಮೈನಸ್ಸಿಗೆ ಅಂಟ್ಕೊಂಡು ಕೂತಿರುತ್ತೆ. ಎಡಗಡೆ ಕೂತೋರು ಏರಿಸೋ ಬಟನ್ ಒತ್ತಿದ್ರೆ ಒಂದು ವೈರು ಮಾತ್ರ ಅಲ್ಲೇ ಎಡಗಡೆ ಸ್ವಿಚ್ಚಲ್ಲಿ ಪ್ಲಸ್ಸಿಗೆ ಜಿಗಿಯುತ್ತೆ, ಇನ್ನೊಂದು ವೈರು ತನ್ನ ಪಾಡಿಗೆ ಮಾಸ್ಟರ್ ಸ್ವಿಚ್ಚಿಗೇ ಹೋಗಿ ಅಲ್ಲೇ ಮೈನಸ್ ಸೇರುತ್ತೆ. ಡ್ರೈವರ್ ಒತ್ತಿದ್ರೂ ಅಷ್ಟೇ, ಪ್ಲಸ್ ಬರೋ ಜಾಗ ಮಾತ್ರ ಬೇರೆ, ವಾಪಸ್ ಹೋಗೋ ಕಾಂಟ್ಯಾಕ್ಟ್ ಅದೇ ಒಂದು.

ಅಂದ್ರೆ ಯಾವ ಸ್ವಿಚ್ ಒತ್ತಿದ್ರೂ ಎಡಗಡೆ ಗ್ಲಾಸ್ ಏರೋದು ಬಲಗಡೆ ಬಾಗಿಲಿನ ಒಂದು ಪುಟ್ಟ ತಾಮ್ರದ ನಾಲಿಗೆಯ ದಯೆಯಿಂದ. ಎರಡು ಸ್ವಿಚ್ ಒಟ್ಟಿಗೆ ಕೆಡಲ್ಲ ಅನ್ನೋ ಲೆಕ್ಕ ಇಲ್ಲಿ ಬಿತ್ತು, ಎರಡು ಕೆಡೋ ಅಗತ್ಯವೇ ಇಲ್ಲ.

ಇಳಿಯೋದು ಸರಿ ಇದೆಯಲ್ಲ ಅನ್ನೋ ಲೆಕ್ಕ? ಇಳಿಯೋವಾಗ ಕರೆಂಟು ವಾಪಸ್ ಹೋಗೋದು ಇನ್ನೊಂದು ವೈರಲ್ಲಿ, ಇನ್ನೊಂದು ಕಾಂಟ್ಯಾಕ್ಟಲ್ಲಿ, ಅದು ಸರಿ ಇತ್ತು. ಅಷ್ಟೇ ಅಲ್ಲ, ಗ್ಲಾಸ್ ತನ್ನ ಭಾರಕ್ಕೆ ತಾನೇ ಕೆಳಗೆ ಬರೋವಾಗ ಮೋಟರಿಗೆ ಕೆಲಸ ಕಮ್ಮಿ, ಕರೆಂಟು ಕಮ್ಮಿ, ನಷ್ಟವೂ ಕಮ್ಮಿ. ಇನ್ನೊಂದು ವಿಷ್ಯ ಇಲ್ಲೇ ಹೇಳಿಬಿಡ್ತೀನಿ, ಬಾಗಿಲಿನ ಹಿಂಜ್ ಹತ್ರ ರಬ್ಬರ್ ಕೊಳವೆಯಲ್ಲಿ ವೈರು ಮುರಿಯೋದು ಹಳೇ ಗಾಡಿಗಳ ಮಾಮೂಲಿ ರೋಗ, ಅದು ಮೋಟರಿನ ವೈರೇ ಆಗಿದ್ರೆ ಏರೋ ಕರೆಂಟೂ ಇಳಿಯೋ ಕರೆಂಟೂ ಎರಡೂ ಅದರಲ್ಲೇ ಹರಿಯುತ್ತೆ, ಆದ್ರೂ ಏರೋವಾಗ ಮಾತ್ರ ಗೊತ್ತಾಗಬಹುದು, ಭಾರದ ಕಾರಣಕ್ಕೆ. ಹಂಗಾಗಿ ಇಳಿಯುತ್ತೆ ಅನ್ನೋ ಕಾರಣಕ್ಕೆ ವೈರಿಗೆ ಕ್ಲೀನ್ ಚಿಟ್ ಕೊಡಂಗಿಲ್ಲ. ನಾವು ಎರಡೂ ಬಾಗಿಲಿನ ಕೊಳವೆ ಬಿಚ್ಚಿ ನೋಡಿದ್ವಿ, ವೈರು ಗಟ್ಟಿಯಾಗಿತ್ತು.

4.4 ವೋಲ್ಟನ್ನ ತುಂಡು ತುಂಡು ಮಾಡಿ ಅಳೆದಾಗ ಎಡಗಡೆ ಸ್ವಿಚ್ ದಾಟೋವರೆಗೆ 0.3, ಅಲ್ಲಿಂದ ಮಾಸ್ಟರ್ ಕನೆಕ್ಟರ್‌ವರೆಗೆ 0.2, ಮಾಸ್ಟರ್ ಸ್ವಿಚ್ಚಿನ ಒಳಗೆ 3.7, ಅಲ್ಲಿಂದ ಬ್ಯಾಟರಿಗೆ 0.2. ವೈರಿನ ಸುತ್ತ ಹಿಡಿಸಿ ಕರೆಂಟು ಅಳೆಯೋ ಡಿಸಿ ಕ್ಲ್ಯಾಂಪ್ ಮೀಟರಲ್ಲಿ 8 ಆಂಪಿಯರ್ ಆಸುಪಾಸು (ಮನೆ ಕರೆಂಟ್ ಅಳೆಯೋ ಎಸಿ ಕ್ಲ್ಯಾಂಪ್ ಇದಕ್ಕೆ ಆಗಲ್ಲ, ಸೊನ್ನೆ ತೋರ್ಸುತ್ತೆ). 3.7 ಗುಣಿಸು 8, ಸುಮಾರು 30 ವ್ಯಾಟ್ ಬಿಸಿ ಅಕ್ಕಿಕಾಳಿನಷ್ಟು ಜಾಗದಲ್ಲಿ. ರೇಡಿಯೋ ರಿಪೇರಿಯವ್ರ ಸೋಲ್ಡರಿಂಗ್ ಐರನ್ 25 ವ್ಯಾಟಿಂದು. ಕಾಕಾಗೆ ಇದು ತಕ್ಷಣ ಅರ್ಥ ಆಯ್ತು, ಮಷೀನ್ ಶಾಪಿನವರಲ್ವಾ, "ಅದಕ್ಕ ಆ ಬಟನ್ ಹತ್ರ ಒಮ್ಮೊಮ್ಮೆ ಸುಟ್ಟ ವಾಸನಿ ಬರ್ತಿತ್ತು ನೋಡು, ನಾ ಹೊರಗ ಯಾರೋ ಕಸಾ ಸುಡಾಕತ್ತಾರ ಅಂತ ತಿಳದಿದ್ನಿ" ಅಂದ್ರು.

ಸ್ವಿಚ್ ಬಿಚ್ಚೋ ಮುಂಚೆ ಖಾತ್ರಿ ಮಾಡ್ಕೊಳ್ಳಕ್ಕೆ ಒಂದು ಜಂಪರ್ ಟೆಸ್ಟ್. ಮಾಸ್ಟರ್ ಕನೆಕ್ಟರಿನ ಆ ವಾಪಸ್ ವೈರಿಂದ ನೇರ ಬಾಡಿ ಅರ್ಥಿಂಗಿಗೆ ಒಂದು ತುಂಡು ವೈರು ಹಾಕಿ, ಏರಿಸೋ ಬಟನ್ ಒತ್ತಿದ್ರೆ ಗ್ಲಾಸ್ ಸೊಂಯ್ ಅಂತ ತುದಿವರೆಗೆ ಹೋಗಿ ಟಕ್ ಅಂತ ಕೂತ್ಕೊಳ್ತು. ಇಲ್ಲಿ ಒಂದು ಎಚ್ಚರಿಕೆ, ಈ ಜಂಪರ್ ಹಾಕಿರೋವಾಗ ಯಾರಾದ್ರೂ ಮಾಸ್ಟರ್ ಸ್ವಿಚ್ಚಲ್ಲಿ ಇಳಿಸೋ ಬಟನ್ ಒತ್ತಿದ್ರೆ ಅದೇ ವೈರಿಗೆ ಪ್ಲಸ್ ಬಂದು ನೇರ ಶಾರ್ಟ್, ಫ್ಯೂಸ್ ಢಮಾರ್. ಜಂಪರಿನಲ್ಲೇ 15 ಆಂಪಿಯರ್ ಫ್ಯೂಸ್ ಇಟ್ಕೊಳ್ಳಿ, ಮತ್ತೆ ಒತ್ತೋರಿಗೆ ಮೊದಲೇ ಹೇಳಿಡಿ.

ಮಾಸ್ಟರ್ ಸ್ವಿಚ್ ಬಿಚ್ಚಿದ್ರೆ ಒಳಗೆ ಹಸಿರು ಪುಡಿ, ಎಡಗಡೆ ಗ್ಲಾಸ್ ಇಳಿಸೋ ಕಡೆಯ ಕಾಂಟ್ಯಾಕ್ಟ್ ಕಪ್ಪಗೆ ಗುಳಿ ಬಿದ್ದು, ಸುತ್ತ ಪ್ಲಾಸ್ಟಿಕ್ ಕರಗಿ ಸ್ವಲ್ಪ ವಾಲಿತ್ತು. ಗಮನಿಸಿ, ಇಳಿಸೋ ಕಡೆಯದ್ದು. ಏರ್ತಿಲ್ಲ ಅಂತ ಏರಿಸೋ ಕಾಂಟ್ಯಾಕ್ಟ್ ಮಾತ್ರ ಉಜ್ಜಿ ಮುಚ್ಚಿಬಿಡ್ತಾರೆ ಜನ, ಏರೋವಾಗ ಮೈನಸ್ ಕೊಡೋದು ಇಳಿಸೋ ಬಟನ್ನಿನ ಕೆಳಗೆ ಸುಮ್ನೆ ಕೂತಿರೋ ಕಾಂಟ್ಯಾಕ್ಟ್ ಅನ್ನೋದು ತಲೆಗೆ ಬರಲ್ಲ.

ಅದೇ ಯಾಕೆ ಹೋಯ್ತು ಅನ್ನೋದಕ್ಕೂ ಕಾರಣ ಇದೆ. ಕಾಕಾ ಒಬ್ಬರೇ ಓಡಾಡೋದು ಜಾಸ್ತಿ, ಪಾರ್ಕಿಂಗ್ ಚೀಟಿಯವನು ಬಂದ್ರೆ, ದಾರಿ ಕೇಳ್ಬೇಕಂದ್ರೆ, ಎಡಗಡೆ ಗ್ಲಾಸ್ ಇಳಿಸೋದು ಡ್ರೈವರ್ ಬಟನ್ನಿಂದಲೇ. ಪ್ರತಿ ಸಲ ಬಟನ್ ಬಿಟ್ಟಾಗ ಕಿಡಿ ಹಾರುತ್ತೆ, ಜೊತೆಗೆ ಓಡ್ತಿರೋ ಮೋಟರಿನ ಎರಡೂ ತುದಿ ಮೈನಸ್ಸಿಗೆ ಸೇರಿದಾಗ ಅದು ಡೈನಮೋ ಥರ ಕರೆಂಟ್ ಹುಟ್ಟಿಸಿ ತನ್ನನ್ನ ತಾನೇ ಬ್ರೇಕ್ ಮಾಡ್ಕೊಳ್ಳುತ್ತೆ, ಗ್ಲಾಸ್ ಬಟನ್ ಬಿಟ್ಟ ಜಾಗದಲ್ಲೇ ಗಕ್ಕನೆ ನಿಲ್ಲೋದು ಅದಕ್ಕೆ, ಆ ಕರೆಂಟೂ ಇದೇ ಕಾಂಟ್ಯಾಕ್ಟಲ್ಲಿ ಹಾಯ್ಬೇಕು. ಅದರ ಮೇಲೆ ಕಾಕಾಗೆ ಡ್ರೈವರ್ ಗ್ಲಾಸ್ ಎರಡು ಬೆರಳು ತೆರೆದಿಡೋ ಅಭ್ಯಾಸ, ಮಳೆಗಾಲದಲ್ಲೂ, ಹನಿ ನೇರ ಆರ್ಮ್‌ರೆಸ್ಟ್ ಮೇಲಿನ ಸ್ವಿಚ್ಚಿಗೆ. ಎಸಿ ಯಾಕೆ ಹಾಕಲ್ಲ ಅಂದ್ರೆ ಮೈಲೇಜ್ ಅಂತಾರೆ. ಮಾಡೋದೇನು.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, 1500 ನಂಬರ್ ಮರಳು ಕಾಗದದಲ್ಲಿ ಮೆಲ್ಲಗೆ ಉಜ್ಜಿ ಕೂರಿಸಿದಾಗ ಆ ಜಾಗದ ನಷ್ಟ 3.7ರಿಂದ 0.4ಕ್ಕೆ ಬಂತು, ಗ್ಲಾಸ್ ಪೂರ್ತಿ ಏರಿತು. ಒರಟು ಪೇಪರ್ ಬೇಡ, ಮೇಲೆ ಬೆಳ್ಳಿ ಮಿಶ್ರದ ತೆಳು ಪದರ ಇರುತ್ತೆ, ಅದು ಹೋದ್ರೆ ಉಳಿಯೋದು ಬರೀ ತಾಮ್ರ, ಒಂದು ಮಳೆಗಾಲಕ್ಕೆ ಮತ್ತೆ ಕಪ್ಪಾಗುತ್ತೆ. ಇಲ್ಲಿ ಪದರ ಆಗ್ಲೇ ಗುಳಿ ಬಿದ್ದು ಹೋಗಿತ್ತು, ಪ್ಲಾಸ್ಟಿಕ್ಕೂ ಕರಗಿತ್ತು, ಹಂಗಾಗಿ ಉಜ್ಜಿದ್ದು ಊರಿಗೆ ಹೋಗಿ ಬರೋವಷ್ಟು ದಿನಕ್ಕೆ ಮಾತ್ರ, ಸ್ವಿಚ್ ಬದಲಾಯಿಸ್ಲೇಬೇಕು ಅಂತ ಹೇಳ್ದೆ.

ಊರಿಂದ ಬಂದ್ಮೇಲೆ ನಾನಾ ಪೇಠ. ಪುಣೆಯಲ್ಲಿ ಗಾಡಿ ಸಾಮಾನು ಅಂದ್ರೆ ನಾನಾ ಪೇಠ, ಗಲ್ಲಿ ಗಲ್ಲಿಗೆ ಸ್ಪೇರ್ ಪಾರ್ಟ್ಸ್, ಗಾಡಿ ನಿಲ್ಲಿಸಕ್ಕೆ ಮಾತ್ರ ಜಾಗ ಕೇಳ್ಬೇಡಿ. ಅಲ್ಲಿ ನೋಡಕ್ಕೆ ಒಂದೇ ಥರ ಇರೋ ಮಾಸ್ಟರ್ ಸ್ವಿಚ್ ಮೂರು ನಮೂನೆ ಸಿಕ್ತು. ಎರಡು ಕಿಟಕಿಯದ್ದು, ನಾಲ್ಕು ಕಿಟಕಿಯದ್ದು, ಡ್ರೈವರ್ ಗ್ಲಾಸ್ ಒಂದೇ ಒತ್ತಿಗೆ ಪೂರ್ತಿ ಇಳಿಯೋ ಆಟೋ ಇರೋದು. ಕನೆಕ್ಟರ್ ಹೊರಗಿಂದ ಒಂದೇ, ಒಳಗೆ ಪಿನ್ ಲೆಕ್ಕ ಬೇರೆ. ಹಳೇ ಸ್ವಿಚ್ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಮಾಡೆಲ್ ಹೆಸರು ಹೇಳಿದ್ರೆ ಸಾಲಲ್ಲ. ಹೊಸ ಡೂಪ್ಲಿಕೇಟ್ ಅಗ್ಗ ಇತ್ತು, ಬಟನ್ ಒತ್ತಿದ್ರೆ ತೆಳುವಾಗಿ ಕಟಕಟ ಅನ್ನುತ್ತೆ, ಬಿಗಿ ಇಲ್ಲ. ಸ್ಕ್ರ್ಯಾಪ್ ಗಾಡಿಯಿಂದ ಬಿಚ್ಚಿದ ಒರಿಜಿನಲ್ ಕೂಡ ಇತ್ತು, ಅದರದ್ದೂ ವಯಸ್ಸು ಇಷ್ಟೇ ಆಗಿರುತ್ತೆ. ಕಾಕಾ ಚೌಕಾಸಿ ಮರಾಠಿಯಲ್ಲಿ, ನನ್ನ ಜೊತೆ ಪಿಸುಮಾತು ಕನ್ನಡದಲ್ಲಿ, ಅಂಗಡಿಯವನು ನಗ್ತಾ ಇದ್ದ, ಆಮೇಲೆ ಗೊತ್ತಾಯ್ತು ಅವನ ಹೆಂಡ್ತಿ ಅಕ್ಕಲಕೋಟೆ ಕಡೆಯವಳಂತೆ, ಕನ್ನಡ ಎಲ್ಲಾ ತಿಳಿಯುತ್ತಂತೆ! ಕೊನೆಗೆ ಒರಿಜಿನಲ್ ಹೊಸದನ್ನೇ ಆರ್ಡರ್ ಕೊಟ್ಟು ತರಿಸಿದ್ವಿ, ಮೋಟರ್ ಮತ್ತು ರೆಗ್ಯುಲೇಟರಿಗೆ ಹಾಕಿದ ದುಡ್ಡಲ್ಲಿ ಅರ್ಧವೂ ಆಗಲಿಲ್ಲ. ಅದನ್ನ ಹಾಕಿದ್ಮೇಲೆ ಮೋಟರ್ ತುದಿಯಲ್ಲಿ 10.8 ವೋಲ್ಟ್.

ಅಷ್ಟಕ್ಕೇ ಬಿಡಬಹುದಿತ್ತು, ಆದ್ರೆ 8 ಆಂಪಿಯರ್ ಅನ್ನೋದು ನನಗೆ ಸ್ವಲ್ಪ ಜಾಸ್ತಿ ಅನ್ನಿಸ್ತು. ಗ್ಲಾಸ್ ಜಾರೋ ರಬ್ಬರ್ ಚಾನಲ್ ಒಣಗಿ, ಒಳಗಿನ ನಯವಾದ ಬಟ್ಟೆಯಂಥ ಪದರದಲ್ಲಿ ವರ್ಷಗಟ್ಟಲೆ ಧೂಳು ಕೂತು ಮರಳು ಕಾಗದ ಆಗಿತ್ತು. ಹಳೇ ಟೂತ್‌ಬ್ರಶ್, ಸೋಪು ನೀರು, ಒಣಗಿದ್ಮೇಲೆ ಸಿಲಿಕೋನ್ ಸ್ಪ್ರೇ. ಗ್ರೀಸು, ಇಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಎಲ್ಲಾ ಹಾಕೋರಿದ್ದಾರೆ, ಧೂಳು ಹಿಡಿದು ಕೆಸರಾಗುತ್ತೆ, ಪೆಟ್ರೋಲಿಯಂ ಎಣ್ಣೆ ರಬ್ಬರನ್ನೂ ಉಬ್ಬಿಸುತ್ತೆ. ಆಮೇಲೆ ಕ್ಲ್ಯಾಂಪಲ್ಲಿ ಆರು ಆಂಪಿಯರಿಗಿಂತ ಕೆಳಗೆ. ಮೋಟರಿನ ಕರೆಂಟನ್ನ ನಿರ್ಧಾರ ಮಾಡೋದು ಭಾರ, ವೇಗವನ್ನ ನಿರ್ಧಾರ ಮಾಡೋದು ವೋಲ್ಟೇಜು, ಹಂಗಾಗಿ ಚಾನಲ್ ಕೊಳೆ ಸ್ವಿಚ್ಚಿನ ಆಯುಷ್ಯವನ್ನೂ ತಿನ್ನುತ್ತೆ.

ಎಡಗಡೆ ಬಾಗಿಲ ಪ್ಯಾಡ್ ಬಿಚ್ಚಿದಾಗ ಇನ್ನೊಂದು ಸಿಕ್ತು, ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಇದಕ್ಕೆ. ಪ್ಯಾಡಿನ ಹಿಂದೆ ಬಾಗಿಲ ತಗಡಿಗೆ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಇರುತ್ತೆ, ಮೋಟರ್ ಹಾಕೋವಾಗ ಅದನ್ನ ಹರಿದು ಹಂಗೇ ಜೋತು ಬಿಟ್ಟಿದ್ರು. ಅದು ಪ್ಯಾಕಿಂಗ್ ಕವರ್ ಅಲ್ಲ. ಗ್ಲಾಸಿನ ಬುಡದ ರಬ್ಬರ್ ಪಟ್ಟಿ ದಾಟಿ ಮಳೆ ನೀರು ಬಾಗಿಲ ಒಳಗೆ ಬಂದೇ ಬರುತ್ತೆ, ಬರ್ಲಿ ಅಂತಲೇ ಡಿಸೈನು, ಕೆಳಗಿನ ಅಂಚಲ್ಲಿ ಸಣ್ಣ ತೂತು ಇಟ್ಟಿರ್ತಾರೆ ಹೊರಗೆ ಹೋಗಕ್ಕೆ. ಆ ನೀರು ಒಳಗಿನ ಕಡೆ ತಿರುಗದೇ ಇರೋದು ಈ ಹಾಳೆಯಿಂದ. ಹಾಳೆ ಹರಿದ್ರೆ ನೀರು ಪ್ಯಾಡಿನ ಹಿಂದೆ ಇಳಿದು ಕಾರ್ಪೆಟ್ ಕೆಳಗೆ ಸೇರುತ್ತೆ. ಎಡಗಡೆ ಮ್ಯಾಟ್ ಎತ್ತಿ ಕಾರ್ಪೆಟ್ ಹಿಂಡಿದ್ರೆ ನೀರು ಬರೋ ಹಂಗಿತ್ತು, ಕಾಕಾ ಅದು ಗ್ಲಾಸ್ ಅರ್ಧ ತೆರೆದಿದ್ದಕ್ಕೆ ಅಂದ್ಕೊಂಡಿದ್ರು, ಸ್ವಲ್ಪ ಅದೂ ಇರ್ಬಹುದು. ದಪ್ಪ ಪಾಲಿಥಿನ್ ಕತ್ತರಿಸಿ ಬ್ಯುಟೈಲ್ ಅನ್ನೋ ಜಿಗುಟು ರಬ್ಬರ್ ಟೇಪಿಂದ ಸುತ್ತ ಅಂಟಿಸಿದ್ವಿ, ಕೆಳಗಿನ ತುದಿ ತಗಡಿನ ಒಳಗೆ ತೂರಿಸಿ ನೀರು ಬಾಗಿಲೊಳಗೇ ಬೀಳೋ ಹಂಗೆ. ಕೆಳಗಿನ ತೂತಲ್ಲಿ ಒಂದು ಮಣ್ಣಿಂದ ಮುಚ್ಚಿತ್ತು, ಕಡ್ಡಿ ಹಾಕಿ ಬಿಡಿಸಿದ್ದೇ ಕೆಂಪು ನೀರು ಸುರೀತು.

ಈ ಕೆಲಸ ಮನೆಯಲ್ಲೇ ಮಾಡೋರಿಗೆ ಎರಡು ಮಾತು. ಮೋಟರ್ ಬಿಚ್ಚೋ ಮುಂಚೆ ಗ್ಲಾಸನ್ನ ಅಗಲದ ಗಟ್ಟಿ ಟೇಪಿಂದ ಬಾಗಿಲ ಫ್ರೇಮಿಗೆ ಮೇಲಿಂದ ಹಾಯಿಸಿ ಅಂಟಿಸಿ, ಮೋಟರ್ ಬಿಚ್ಚಿದ ತಕ್ಷಣ ಗ್ಲಾಸ್ ಕೆಳಗೆ ಬೀಳಬಹುದು. ಬಾಗಿಲೊಳಗೆ ಕೈ ಹಾಕಿರೋವಾಗ ಸ್ವಿಚ್ ಕನೆಕ್ಟರ್ ಬಿಚ್ಚಿರ್ಲಿ, ಯಾರೋ ಹುಡುಗ್ರು ಬಂದು ಬಟನ್ ಒತ್ತಿದ್ರೆ ಬೆರಳಿಗೆ ಕಷ್ಟ. ಮತ್ತೆ ಇಲ್ಲಿ ಹೇಳಿದ ವೈರಿಂಗ್ ಲೆಕ್ಕ ಹೊಸ ಗಾಡಿಗಳಿಗೆ ಹಿಡಿಬೇಡಿ, ಅನೇಕ ಹೊಸ ಗಾಡಿಗಳಲ್ಲಿ ಬಟನ್ ಬರೀ ಸಿಗ್ನಲ್ ಕೊಡುತ್ತೆ, ಮೋಟರಿಗೆ ಕರೆಂಟ್ ಬಿಡೋದು ಬೇರೆ ಮಾಡ್ಯೂಲ್, ಅಲ್ಲಿ ಜಂಪರ್ ಆಟ ಆಡಕ್ಕೆ ಹೋದ್ರೆ ದುಬಾರಿ ಆಗುತ್ತೆ.

ಗ್ಯಾರೇಜಿನವ್ರು ವಾಪಸ್ ಕೊಟ್ಟಿದ್ದ ಹಳೇ ಮೋಟರ್ ಕಾಕಾ ಡಿಕ್ಕಿಯಲ್ಲೇ ಇಟ್ಟಿದ್ರು. ಬ್ಯಾಟರಿಗೆ ನೇರ ಹಚ್ಚಿ ನೋಡಿದ್ವಿ, ಎರಡೂ ಕಡೆ ಚೆನ್ನಾಗಿ ತಿರುಗ್ತು, ಏನೂ ಆಗಿರ್ಲಿಲ್ಲ ಅದಕ್ಕೆ. ಬಲಗಡೆಗೆ ಸ್ಪೇರ್ ಆಗ್ತದೇನು ಅಂತ ಕೇಳಿದ್ರು, ಇಲ್ಲ ಕಾಕಾ, ಈ ಗಾಡಿಗೆ ಎಡ ಬಲ ಬೇರೆ ಬೇರೆ, ಗೇರ್‌ಬಾಕ್ಸ್ ಉಲ್ಟಾ ಇರ್ತದೆ ಅಂದೆ. "ಇರಲಿ ತಗೋ, ಹೊಸಾದು ಕೆಟ್ರ ಇದನ್ನ ಹಾಕೂಣು" ಅಂತ ಅದನ್ನ ಪೇಪರಲ್ಲಿ ಸುತ್ತಿ ಮತ್ತೆ ಡಿಕ್ಕಿಗೇ ಹಾಕಿದ್ರು.